ಮನೆಯ ಧ್ವನಿಮುದ್ರಣ: ಸ್ವತಂತ್ರ ರೆಕಾರ್ಡರ್ ಮತ್ತು ಕಂಪ್ಯೂಟರ್

ವಾಸದ ಮನೆಯಲ್ಲೇ ಹಾಡು, ವಾದ್ಯ, ಮಾತುಗಳನ್ನು ಪದರಪದರವಾಗಿ ಮುದ್ರಿಸಿಕೊಂಡು, ಬೆರೆಸಿ, ಬೇರೆಯವರಿಗೆ ಕೇಳಿಸುವ ಹದಕ್ಕೆ ತರುವ ಕೆಲಸಕ್ಕೆ ಮನೆಯ ಧ್ವನಿಮುದ್ರಣ ಎಂದು ಹೆಸರು. ರೂಢಿಯಲ್ಲಿ ಹೋಮ್ ರೆಕಾರ್ಡಿಂಗ್. ಇದಕ್ಕೆ ಇಂದು ಎರಡು ದಾರಿಗಳಿವೆ. ಮೈಕು ಸಿಕ್ಕಿಸುವ ಕಿಂಡಿ, ಮಟ್ಟ ಏರಿಸಿ ಇಳಿಸುವ ಫೇಡರು, ಧ್ವನಿಗಳನ್ನು ಬೆರೆಸುವ ಮಿಕ್ಸರು, ಎಲ್ಲವನ್ನೂ ಬರೆದಿಡುವ ಮೆಮೊರಿ ಕಾರ್ಡು ಒಂದೇ ಪೆಟ್ಟಿಗೆಯಲ್ಲಿ ಸೇರಿರುವ ಸ್ವತಂತ್ರ ರೆಕಾರ್ಡರ್ ಒಂದು ದಾರಿ. ಕಂಪ್ಯೂಟರು, ಅದರಲ್ಲಿ ಹಾಕಿಕೊಂಡ ರೆಕಾರ್ಡಿಂಗ್ ಸಾಫ್ಟ್‌ವೇರು, ಮೈಕಿನ ಸಂಕೇತವನ್ನು ಅಂಕಿಗಳಾಗಿಸಿ ಕಂಪ್ಯೂಟರಿಗೆ ತಲುಪಿಸುವ ಆಡಿಯೋ ಇಂಟರ್‌ಫೇಸ್ ಎಂಬ ಪುಟ್ಟ ಸಾಧನ, ಈ ಮೂರರ ಜೋಡಣೆ ಇನ್ನೊಂದು ದಾರಿ.

ಯಾವುದರಲ್ಲಿ ಧ್ವನಿ ಚೆನ್ನಾಗಿ ಬರುತ್ತದೆ ಎಂದೇ ಎಲ್ಲರೂ ಮೊದಲು ಕೇಳುತ್ತಾರೆ. ಆ ಪ್ರಶ್ನೆಗೆ ಈಗ ಹೆಚ್ಚಿನ ಬೆಲೆಯಿಲ್ಲ. ಸಿ.ಡಿ.ಯ ಮಟ್ಟವೆಂದರೆ ಸೆಕೆಂಡಿಗೆ 44,100 ಸಲ ಅಳೆದ 16 ಬಿಟ್ ಧ್ವನಿ. ಸಾಧಾರಣ ಬೆಲೆಯ ರೆಕಾರ್ಡರೂ ಸಾಧಾರಣ ಬೆಲೆಯ ಇಂಟರ್‌ಫೇಸೂ ಇಂದು 24 ಬಿಟ್‌ನಲ್ಲಿ ಮುದ್ರಿಸಿ ಅದನ್ನು ದಾಟಿ ಹೋಗಿವೆ. ಎರಡು ದಾರಿಗಳು ಬೇರೆಯಾಗುವುದು ತೀರ್ಮಾನದ ವೇಳೆಯಲ್ಲಿ. ಪೆಟ್ಟಿಗೆ ಹಾಡುವ ಹೊತ್ತಿನಲ್ಲೇ ತೀರ್ಮಾನ ಮಾಡು ಎನ್ನುತ್ತದೆ. ಕಂಪ್ಯೂಟರು ಆಮೇಲೆ ನೋಡೋಣ ಎನ್ನುತ್ತದೆ. ಆಯ್ಕೆಯ ಉಳಿದ ಮಾತುಗಳೆಲ್ಲ ಬಹುಮಟ್ಟಿಗೆ ಇದರಿಂದಲೇ ಹುಟ್ಟುತ್ತವೆ.

ಟೇಪಿನ ಕಾಲ

ಟೇಪಿನ ಅಗಲವನ್ನು ಉದ್ದುದ್ದ ಪಟ್ಟಿಗಳಾಗಿ ಹಂಚಿಕೊಂಡರೆ ಒಂದೊಂದು ಪಟ್ಟಿಯೂ ಒಂದು ಟ್ರ್ಯಾಕ್. ಒಂದರಲ್ಲಿ ಗಿಟಾರ್ ನುಡಿಸಿ, ಅದನ್ನು ಕೇಳುತ್ತಲೇ ಇನ್ನೊಂದರಲ್ಲಿ ಹಾಡುವುದು ಇಡೀ ವಿದ್ಯೆಯ ಬುನಾದಿ. ಆದರೆ ಮುದ್ರಿಸುವ ಹೆಡ್ಡು ಒಂದು ಕಡೆ, ಕೇಳಿಸುವ ಹೆಡ್ಡು ಅದರಾಚೆ ಇದ್ದ ಯಂತ್ರಗಳಲ್ಲಿ ಹಳೆಯ ಧ್ವನಿ ತುಸು ತಡವಾಗಿ ಕಿವಿಗೆ ಬೀಳುತ್ತಿತ್ತು. ಹೊಸ ಧ್ವನಿ ಅಷ್ಟೇ ಹಿಂದೆ ಬಿದ್ದು ಮುದ್ರಿತವಾಗುತ್ತಿತ್ತು. ಆಂಪೆಕ್ಸ್ ಕಂಪನಿ ಮುದ್ರಿಸುವ ಹೆಡ್ಡಿನಿಂದಲೇ ಹಳೆಯ ಟ್ರ್ಯಾಕನ್ನೂ ಕೇಳಿಸುವ ಉಪಾಯ ಹೂಡಿ ಈ ತೊಡಕನ್ನು ಬಿಡಿಸಿತು. ಅಂಥ ಎಂಟು ಟ್ರ್ಯಾಕಿನ ಮೊದಲ ಯಂತ್ರ 1957ರಲ್ಲಿ ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ ಅವರ ಮನೆ ಸೇರಿತು. ಬೆಲೆ 10,000 ಡಾಲರ್. ಈ ವಿದ್ಯೆ ಹೀಗೆ ಒಬ್ಬ ಸಂಗೀತಗಾರರ ಮನೆಯಲ್ಲೇ ಬೇರು ಬಿಟ್ಟಿತಾದರೂ ಸಾಮಾನ್ಯರ ಕೈಗೆ ಎಟುಕುವಂತಿರಲಿಲ್ಲ. 1969ರ ಕೊನೆಯಲ್ಲಿ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಲಂಡನ್ನಿನ ತಮ್ಮ ಮನೆಗೆ ನಾಲ್ಕು ಟ್ರ್ಯಾಕಿನ ಸ್ಟೂಡರ್ ಯಂತ್ರ ತರಿಸಿಕೊಂಡು, ಮಿಕ್ಸರ್ ಇಲ್ಲದೆ, ಮೈಕನ್ನು ನೇರವಾಗಿ ಯಂತ್ರಕ್ಕೇ ಸಿಕ್ಕಿಸಿ ತಮ್ಮ ಮೊದಲ ಸ್ವಂತ ಆಲ್ಬಮ್ಮಿನ ಬಹುಭಾಗವನ್ನು ಮುದ್ರಿಸಿದರು. ಅದೂ ಒಬ್ಬ ಬೀಟಲ್‌ಗೆ ಮಾತ್ರ ಸಾಧ್ಯವಿದ್ದ ಅನುಕೂಲ.

1979ರಲ್ಲಿ ಜಪಾನಿನ ಟಿಯಾಕ್ ಸಂಸ್ಥೆ ಪೋರ್ಟಾಸ್ಟುಡಿಯೋ 144 ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಫಿಲಿಪ್ಸ್ 1963ರಲ್ಲಿ ತಂದಿದ್ದ ಮಾಮೂಲಿ ಕ್ಯಾಸೆಟ್ಟೇ ಇದರ ಟೇಪು. ಸ್ಟೀರಿಯೋ ಕ್ಯಾಸೆಟ್ಟಿನಲ್ಲಿ ಒಂದು ಮಗ್ಗುಲಿಗೆ ಎರಡು, ತಿರುಗಿಸಿ ಹಾಕಿದರೆ ಇನ್ನೆರಡು, ಒಟ್ಟು ನಾಲ್ಕು ಪಟ್ಟಿಗಳಿರುತ್ತವೆ. ಈ ಯಂತ್ರ ನಾಲ್ಕನ್ನೂ ಒಂದೇ ದಿಕ್ಕಿನಲ್ಲಿ ಬಳಸಿತು. ಧ್ವನಿಯ ಗುಣ ಹೆಚ್ಚಲೆಂದು ಟೇಪಿನ ವೇಗವನ್ನು ದುಪ್ಪಟ್ಟು ಮಾಡಿತು. 60 ನಿಮಿಷದ ಕ್ಯಾಸೆಟ್ಟಿನಲ್ಲಿ ಸಿಗುತ್ತಿದ್ದುದು 15 ನಿಮಿಷ. ಅಷ್ಟು ಸಾಕಾಗಿತ್ತು. ಮಿಕ್ಸರೂ ಜೊತೆಗೇ ಇದ್ದುದರಿಂದ ಒಂದು ಮೇಜು, ಒಂದು ಕುರ್ಚಿ, ಒಂದು ಪ್ಲಗ್ ಪಾಯಿಂಟ್ ಇದ್ದಲ್ಲೆಲ್ಲ ಸ್ಟುಡಿಯೋ ಆಯಿತು.

ಆ ಯಂತ್ರದ ಶಕ್ತಿಯೂ ಮಿತಿಯೂ ಒಂದೇ ಕಡೆ ಕಾಣುವುದು ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ನೆಬ್ರಾಸ್ಕ ಆಲ್ಬಮ್ಮಿನಲ್ಲಿ. 1982ರ ಜನವರಿಯಲ್ಲಿ ನ್ಯೂಜೆರ್ಸಿಯ ಕೋಲ್ಟ್ಸ್ ನೆಕ್ ಎಂಬಲ್ಲಿ ಬಾಡಿಗೆ ಮನೆಯ ಮಲಗುವ ಕೋಣೆಯಲ್ಲಿ ಕುಳಿತು, ಶ್ಯೂರ್ ಎಸ್‌ಎಂ57 ಎಂಬ ಎರಡು ಸಾದಾ ಮೈಕುಗಳ ಮುಂದೆ, ಪೋರ್ಟಾಸ್ಟುಡಿಯೋ 144ರಲ್ಲಿ ಅವರು ಹಾಡುಗಳನ್ನು ಹಾಡಿಟ್ಟರು. ಬೆರೆಸಿದ ಹಾಡನ್ನು ಪ್ರತಿಧ್ವನಿ ಕೊಡುವ ಎಕೋಪ್ಲೆಕ್ಸ್ ಮೂಲಕ ಹಾಯಿಸಿ ಮನೆಯಲ್ಲಿದ್ದ ಪ್ಯಾನಸಾನಿಕ್ ಟೇಪ್ ರೆಕಾರ್ಡರಿಗೆ ಇಳಿಸಿಕೊಂಡರು. ತಂಡದವರಿಗೆ ಹಾಡು ಕಲಿಸಲು ಮಾಡಿದ ಕರಡು ಪ್ರತಿ ಅದು. ಡಬ್ಬಿಯೂ ಇಲ್ಲದೆ ಅವರ ಜೇಬಿನಲ್ಲಿ ಓಡಾಡಿತು. ಆಮೇಲೆ ದೊಡ್ಡ ಸ್ಟುಡಿಯೋದಲ್ಲಿ ಪೂರ್ತಿ ವಾದ್ಯತಂಡದೊಂದಿಗೆ ಅದೇ ಹಾಡುಗಳನ್ನು ಮುದ್ರಿಸಿ ನೋಡಿದರು. ಆ ಕೋಣೆಯ ಒಂಟಿತನ ಅಲ್ಲಿ ಬರಲಿಲ್ಲ. ಕೊನೆಗೆ ಆ ಕ್ಯಾಸೆಟ್ಟಿನ ಧ್ವನಿಯೇ ಅದೇ ವರ್ಷ ಸೆಪ್ಟೆಂಬರ್ 30ರಂದು ಆಲ್ಬಮ್ಮಾಗಿ ಹೊರಬಂತು. ನಾಲ್ಕು ಟ್ರ್ಯಾಕು ಮುಗಿದ ಮೇಲೆ ಸೇರಿಸಲು ಜಾಗವೇ ಇರಲಿಲ್ಲವೆಂಬುದು ಆ ಹಾಡುಗಳನ್ನು ಕಾಪಾಡಿತೆಂದು ಹೇಳಿದರೆ ತಪ್ಪಾಗದು.

ಜಾಗ ಬೇಕೇ ಬೇಕೆಂದವರಿಗೆ ಒಂದು ಲೆಕ್ಕವಿತ್ತು. ಮೊದಲ ಮೂರು ಟ್ರ್ಯಾಕುಗಳನ್ನು ತುಂಬಿ, ಅವನ್ನು ಬೆರೆಸಿ ನಾಲ್ಕನೆಯದಕ್ಕೆ ಇಳಿಸುವಾಗಲೇ ಇನ್ನೊಂದು ವಾದ್ಯವನ್ನು ಜೊತೆಗೆ ನುಡಿಸಿಬಿಟ್ಟರೆ ಒಂದೇ ಪಟ್ಟಿಯಲ್ಲಿ ನಾಲ್ಕು ದನಿಗಳು ಕೂತವು; ಮೂರು ಪಟ್ಟಿಗಳು ಖಾಲಿಯಾದವು. ಮುಂದಿನ ಸುತ್ತಿನಲ್ಲಿ ಎರಡು ತುಂಬಿ, ಒಂದು ಜೊತೆಗೂಡಿಸಿ ಮೂರನೆಯದಕ್ಕೆ. ಆಮೇಲೆ ಒಂದು ತುಂಬಿ, ಒಂದು ಕೂಡಿಸಿ ಎರಡನೆಯದಕ್ಕೆ. ಕೊನೆಗೆ ಉಳಿದ ಪಟ್ಟಿಯಲ್ಲಿ ಒಂದು. ನಾಲ್ಕು, ಮೂರು, ಎರಡು, ಒಂದು: ಒಟ್ಟು ಹತ್ತು. ಆದರೆ ಒಮ್ಮೆ ಬೆರೆತದ್ದು ಮತ್ತೆ ಬೇರೆಯಾಗುವುದಿಲ್ಲ, ಪ್ರತಿ ಇಳಿಕೆಗೂ ಟೇಪಿನ ಸುಯ್ಯೆನ್ನುವ ಸದ್ದು ಏರುತ್ತದೆ. ಕೊಳಲಿನ ಮಟ್ಟ ತುಸು ಹೆಚ್ಚಾಯಿತೆಂದು ಮೂರನೆಯ ಸುತ್ತಿನಲ್ಲಿ ತಿಳಿದರೆ ಮೊದಲಿಂದ ಶುರುಮಾಡಬೇಕು. ಮುಂದೇನು ಬರಲಿದೆ ಎಂದು ಮನಸ್ಸಿನಲ್ಲೇ ಕೇಳಿಸಿಕೊಂಡು ಈಗಿನ ಮಟ್ಟವನ್ನು ನಿರ್ಧರಿಸುವ ಅಭ್ಯಾಸವನ್ನು ಒಂದು ತಲೆಮಾರು ಕಲಿತದ್ದು ಹೀಗೆ.

ಅಂಕಿಗಳಿಗೆ ಬಂದ ಮೇಲೆ

1992ರಲ್ಲಿ ಮಾರಾಟಕ್ಕೆ ಬಂದ ಅಲೆಸಿಸ್ ಕಂಪನಿಯ ಏಡ್ಯಾಟ್ ಯಂತ್ರ, ವಿಡಿಯೋ ಕ್ಯಾಸೆಟ್ಟಿನ ಜಾತಿಯ ಎಸ್-ವಿಎಚ್‌ಎಸ್ ಟೇಪಿನಲ್ಲಿ ಎಂಟು ಡಿಜಿಟಲ್ ಟ್ರ್ಯಾಕುಗಳನ್ನು ಕೊಟ್ಟಿತು. ಬೇಕಾದರೆ ಮೂರು ಯಂತ್ರಗಳನ್ನು ಜೋಡಿಸಿ 24 ಟ್ರ್ಯಾಕು ಮಾಡಿಕೊಳ್ಳಬಹುದಿತ್ತು. 1996ರ ರೋಲ್ಯಾಂಡ್ ವಿಎಸ್-880 ಟೇಪನ್ನೇ ಕೈಬಿಟ್ಟು ಹಾರ್ಡ್ ಡಿಸ್ಕಿಗೆ ಬಂತು. ಎಂಟು ಟ್ರ್ಯಾಕುಗಳ ಹಿಂದೆ ತಲಾ ಎಂಟರಂತೆ 64 ಅಡಗಿದ ಟ್ರ್ಯಾಕುಗಳು. ಒಂದೇ ಚರಣವನ್ನು ಎಂಟು ಸಲ ಹಾಡಿಟ್ಟು ಒಂದನ್ನು ಆರಿಸಿಕೊಳ್ಳುವ ಸೌಕರ್ಯ. ತಪ್ಪಿದರೆ ಹಿಂದಕ್ಕೆ ಹೋಗುವ ಗುಂಡಿ. ಕಂಪ್ಯೂಟರಿನ ಗುಣಗಳು ಪೆಟ್ಟಿಗೆಯೊಳಗೆ ನುಸುಳಿದ್ದು ಇಲ್ಲಿಂದಲೇ.

ಕಂಪ್ಯೂಟರಿನ ದಾರಿ ಬೇರೆ ಕಡೆಯಿಂದ ಬಂತು. 1983ರ ಮಿಡಿ ಒಪ್ಪಂದ ಬೇರೆ ಬೇರೆ ಕಂಪನಿಗಳ ವಾದ್ಯಗಳು ಪರಸ್ಪರ ಮಾತಾಡುವಂತೆ ಮಾಡಿತು. ಅದು ಧ್ವನಿಯನ್ನಲ್ಲ, ಕೀಬೋರ್ಡಿನ ಯಾವ ಮನೆ, ಎಷ್ಟು ಹೊತ್ತು, ಎಷ್ಟು ಒತ್ತು ಎಂಬ ಸೂಚನೆಯನ್ನು ಮಾತ್ರ ಸಾಗಿಸುತ್ತದೆ. 1989ರಲ್ಲಿ ಅಟಾರಿ ಕಂಪ್ಯೂಟರಿಗೆಂದು ಬಂದ ಜರ್ಮನಿಯ ಕ್ಯೂಬೇಸ್ ಮೊದಲಿಗೆ ಈ ಸೂಚನೆಗಳನ್ನು ಜೋಡಿಸುವ ಸಾಫ್ಟ್‌ವೇರ್ ಆಗಿತ್ತು. 1991ರ ಪ್ರೋ ಟೂಲ್ಸ್ ಧ್ವನಿಯನ್ನೇ ಮುದ್ರಿಸಿತು, ಆದರೆ ನಾಲ್ಕು ಟ್ರ್ಯಾಕಿಗೂ ದುಬಾರಿ ಕಾರ್ಡುಗಳನ್ನು ಕಂಪ್ಯೂಟರಿಗೆ ತೊಡಿಸಬೇಕಿತ್ತು. ವಿಶೇಷ ಕಾರ್ಡಿಲ್ಲದೆ ಕಂಪ್ಯೂಟರಿನ ಸ್ವಂತ ಪ್ರೊಸೆಸರೇ ಪ್ರತಿಧ್ವನಿ, ಮಿಕ್ಸಿಂಗ್ ಎಲ್ಲವನ್ನೂ ಮಾಡುವಂತೆ 1996ರ ಕ್ಯೂಬೇಸ್ ವಿಎಸ್‌ಟಿ ತೋರಿಸಿದ ಮೇಲೆ ಮನೆಗಳ ಬಾಗಿಲು ತೆರೆಯಿತು. ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿ 2000ದಲ್ಲಿ ಬಿಡುಗಡೆಯಾದ ಅಡಾಸಿಟಿ ಉಚಿತ; ಆಪಲ್ 2004ರಲ್ಲಿ ತಂದ ಗ್ಯಾರೇಜ್‌ಬ್ಯಾಂಡ್ ಕಂಪ್ಯೂಟರಿನ ಜೊತೆಗೇ ಬಂತು; ರೀಪರ್ ವೈಯಕ್ತಿಕ ಬಳಕೆಗೆ 60 ಡಾಲರಿನ ಪರವಾನಗಿಗೆ ಸಿಗುತ್ತದೆ. ಬಿಲ್ಲಿ ಐಲಿಶ್ ಅವರ 2019ರ ಮೊದಲ ಆಲ್ಬಮ್ ಬಹುಮಟ್ಟಿಗೆ ಲಾಸ್ ಏಂಜಲೀಸ್‌ನ ಮನೆಯಲ್ಲಿ, ಅಣ್ಣ ಫಿನಿಯಸ್ ಅವರ ಮಲಗುವ ಕೋಣೆಯಲ್ಲಿ, ಲಾಜಿಕ್ ಪ್ರೋ ಸಾಫ್ಟ್‌ವೇರಿನಲ್ಲಿ ಸಿದ್ಧವಾಗಿ 2020ರಲ್ಲಿ ವರ್ಷದ ಆಲ್ಬಮ್ಮಿನ ಗ್ರ್ಯಾಮಿ ಪಡೆಯಿತು.

ತಡವೆಂಬ ತೊಡಕು

ಕಂಪ್ಯೂಟರಿಗೆ ಹೊಸದಾಗಿ ಬಂದವರು ಮೊದಲ ದಿನವೇ ಎಡವುವುದು ಇಲ್ಲಿ. ಹೆಡ್‌ಫೋನ್ ಹಾಕಿಕೊಂಡು ತಬಲಾದ ಟ್ರ್ಯಾಕಿನ ಮೇಲೆ ಹಾಡತೊಡಗಿದರೆ ತಮ್ಮದೇ ದನಿ ಹಿಂದಿನಿಂದ ಯಾರೋ ಅಣಕಿಸಿದಂತೆ ತಡವಾಗಿ ಕೇಳಿಸುತ್ತದೆ. ಕಂಪ್ಯೂಟರು ಧ್ವನಿಯ ಅಳತೆಗಳನ್ನು ಒಂದೊಂದಾಗಿ ಅಲ್ಲ, ಒಂದು ಬೊಗಸೆ ತುಂಬಿದ ಮೇಲೆ ಎತ್ತಿಕೊಳ್ಳುತ್ತದೆ. ಆ ಬೊಗಸೆಗೆ ಬಫರ್ ಎಂದು ಹೆಸರು. ಬೊಗಸೆ 1,024 ಅಳತೆಗಳದಾದರೆ ಅದು ತುಂಬಲು ಸುಮಾರು 23 ಮಿಲಿಸೆಕೆಂಡು, ಹೊರಬರಲು ಇನ್ನಷ್ಟು. ಗಾಳಿಯಲ್ಲಿ ಶಬ್ದ ಒಂದು ಮೀಟರು ಸಾಗಲು ಸುಮಾರು 3 ಮಿಲಿಸೆಕೆಂಡು ಬೇಕು. ಅಂದರೆ ತಬಲಾದವರು 16 ಮೀಟರು ದೂರ ಕುಳಿತು ನುಡಿಸಿದಂತಾಯಿತು. ಯಾರೂ ಹಾಗೆ ಹಾಡಲಾರರು. ಬೊಗಸೆಯನ್ನು 128ಕ್ಕೆ ಇಳಿಸಿದರೆ ಹೋಗಿಬರುವ ತಡ 6 ಮಿಲಿಸೆಕೆಂಡಿನ ಆಸುಪಾಸು, ದೂರ ಎರಡು ಮೀಟರು. ಕಚೇರಿಯ ವೇದಿಕೆಯಲ್ಲಿ ಗಾಯಕರಿಗೂ ಮೃದಂಗಕ್ಕೂ ಇರುವ ಅಂತರವೇ ಹೆಚ್ಚುಕಡಿಮೆ ಅಷ್ಟು. ಅದು ಯಾರಿಗೂ ತೊಡಕಲ್ಲ. ಆದರೆ ಬೊಗಸೆ ಸಣ್ಣದಾದಷ್ಟೂ ಕಂಪ್ಯೂಟರಿನ ದುಡಿಮೆ ಹೆಚ್ಚುತ್ತದೆ; ಹಳೆಯ ಲ್ಯಾಪ್‌ಟಾಪು ಸೋತು ಧ್ವನಿಯಲ್ಲಿ ಟಿಕ್ ಟಿಕ್ ಎಂಬ ಕಡಿತ ತರುತ್ತದೆ. ವಿಂಡೋಸ್ ಯಂತ್ರಗಳಲ್ಲಿ ಈ ದಾರಿಯನ್ನು ಹತ್ತಿರ ಮಾಡಲು ಸ್ಟೈನ್‌ಬರ್ಗ್ ಸಂಸ್ಥೆ 1997ರಲ್ಲಿ ಏಸಿಯೋ ಎಂಬ ಡ್ರೈವರ್ ಪದ್ಧತಿ ತಂದಿತು. ಇಂದಿನ ಇಂಟರ್‌ಫೇಸುಗಳಲ್ಲಿ ಇನ್ನೂ ಸುಲಭದ ಪರಿಹಾರವಿದೆ: ಮೈಕಿನ ಧ್ವನಿ ಕಂಪ್ಯೂಟರಿಗೆ ಹೋಗಿ ಬರುವ ಮೊದಲೇ ಹೆಡ್‌ಫೋನಿಗೆ ಬರುವಂತೆ ಮಾಡುವ ಗುಂಡಿ. ಕೊಂಡ ದಿನವೇ ಅದನ್ನು ಹುಡುಕಿಕೊಳ್ಳಬೇಕು.

ಸ್ವತಂತ್ರ ರೆಕಾರ್ಡರಿನಲ್ಲಿ ಈ ಮಾತೇ ಏಳುವುದಿಲ್ಲ. ಅದಕ್ಕೆ ಆ ಒಂದೇ ಕೆಲಸ. ನಡುವೆ ಅಪ್‌ಡೇಟ್ ಕೇಳುವುದಿಲ್ಲ, ಮೇಲ್ ಬಂತೆಂದು ಸದ್ದು ಮಾಡುವುದಿಲ್ಲ. ಗುಂಡಿ ಒತ್ತಿದ ಕ್ಷಣ ಕೆಂಪು ದೀಪ ಹತ್ತುತ್ತದೆ. ಮನಸ್ಸಿನಲ್ಲಿ ಎದ್ದ ಸಂಚಾರ ಆರಿಹೋಗುವ ಮೊದಲು ಹಿಡಿಯಬೇಕಾದವರಿಗೆ ಈ ಒಂದು ಗುಣವೇ ಸಾಕು.

ತಾಳ, ಶ್ರುತಿ ಮತ್ತು ಮನೆಯ ಕೋಣೆ

ನಮ್ಮ ಸಂಗೀತದವರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಸಾಫ್ಟ್‌ವೇರುಗಳಲ್ಲಿ ಹೊಸ ಕಡತ ತೆರೆದರೆ ಸಾಮಾನ್ಯವಾಗಿ ನಿಮಿಷಕ್ಕೆ 120 ಪೆಟ್ಟು, ನಾಲ್ಕು ಪೆಟ್ಟಿನ ಆವರ್ತ ಎಂದು ತಾನೇ ಗೆರೆ ಎಳೆದು ಕೂತಿರುತ್ತದೆ. ಆದಿತಾಳಕ್ಕೆ ಅದು ಹೇಗೋ ಹೊಂದೀತು. ಏಳು ಎಣಿಕೆಯ ಮಿಶ್ರ ಚಾಪು, ಐದರ ಖಂಡ ಚಾಪುಗಳಿಗೆ ಗೆರೆಯನ್ನು ಬದಲಿಸಿಕೊಳ್ಳಬೇಕು, ಬದಲಿಸಲು ಬರುತ್ತದೆ. ಆದರೆ ಆಲಾಪನೆಗೆ, ದಾಸರ ಉಗಾಭೋಗಕ್ಕೆ ಗೆರೆಯೇ ಇಲ್ಲ. ಯಕ್ಷಗಾನದ ಪದ್ಯದಲ್ಲಿ ಭಾಗವತರು ರಂಗದ ಮೇಲಿನ ಕುಣಿತ ನೋಡಿಕೊಂಡು ಕಾಲ ಏರಿಸುತ್ತಾರೆ. ಅದನ್ನು ಲೋಹದ ಟಿಕ್‌ಟಿಕ್ಕಿಗೆ ಕಟ್ಟಿಹಾಕಿದರೆ ಪದ್ಯ ಸತ್ತಂತೆ. ಗೆರೆಯನ್ನು ಮರೆಮಾಡಿ, ಕ್ಲಿಕ್ ಸದ್ದನ್ನು ಆರಿಸಿ ಮುದ್ರಿಸುವುದು ಕಷ್ಟವೇನಲ್ಲ, ಆದರೆ ಅದನ್ನು ಆರಿಸಬೇಕೆಂದು ಗೊತ್ತಿರಬೇಕು. ಪೆಟ್ಟಿಗೆಯ ರೆಕಾರ್ಡರಿನಲ್ಲಿ ಕಾಲದ ಮಾತನ್ನು ಬದಿಗಿಟ್ಟು ನೇರ ಹಾಡತೊಡಗುವುದೇ ರೂಢಿ.

ಕಣ್ಣಿನ ಮಾತೂ ಇದೆ. ಪರದೆಯ ಮೇಲೆ ಧ್ವನಿ ಅಲೆಯಾಗಿ ಕಾಣುತ್ತದೆ. ಗೆರೆಯಿಂದ ಕೂದಲೆಳೆಯಷ್ಟು ಸರಿದ ಪೆಟ್ಟು ಕಣ್ಣಿಗೆ ತಪ್ಪಾಗಿ ಕಾಣುತ್ತದೆ, ಕೈ ಅದನ್ನು ಎಳೆದು ಕೂರಿಸುತ್ತದೆ. ಕಿವಿಗೆ ಅದು ತಪ್ಪಾಗಿರಲಿಲ್ಲ, ಅಲ್ಲೇ ಲಯದ ಸೊಗಸಿತ್ತು. ತಿದ್ದುವಾಗ ಕಣ್ಣು ಮುಚ್ಚಿ ಕೇಳುವುದನ್ನು ಅಭ್ಯಾಸ ಮಾಡಿಕೊಳ್ಳದಿದ್ದರೆ ಕಂಪ್ಯೂಟರಿನ ದೊಡ್ಡ ವರವೇ ಹಾಡಿಗೆ ಮುಳುವಾಗುತ್ತದೆ. ಹಾಗೆಂದು ಆ ವರ ಸಣ್ಣದಲ್ಲ. ಒಬ್ಬರೇ ಹತ್ತು ವಾದ್ಯಗಳ ಹಾಡು ಕಟ್ಟುವಾಗ, ನಾಟಕಕ್ಕೆ ಧ್ವನಿ ಜೋಡಿಸುವಾಗ, ಎರಡು ಗಂಟೆಯ ಮಾತಿನಲ್ಲಿ ಕೆಮ್ಮು ತಡವರಿಕೆಗಳನ್ನು ತೆಗೆಯುವಾಗ ಪೆಟ್ಟಿಗೆಯ ಅಂಗೈಯಗಲದ ಪರದೆಯಲ್ಲಿ ಕಣ್ಣು ಸವೆಯುತ್ತದೆ. ಅಂಥ ಕೆಲಸಕ್ಕೆ ಕಂಪ್ಯೂಟರು ಬಿಟ್ಟರೆ ಬೇರೆ ದಾರಿಯಿಲ್ಲ. ಟೇಪಿನಲ್ಲಿ ಶ್ರುತಿ ಏರಿಸಿದರೆ ವೇಗವೂ ಏರುತ್ತಿತ್ತು. ಕಂಪ್ಯೂಟರು ಇವೆರಡನ್ನು ಬೇರೆ ಮಾಡಿಕೊಟ್ಟಿದೆ.

ಪೋರ್ಟಾಸ್ಟುಡಿಯೋ ಬಂದ 1979ರಲ್ಲೇ ಬೆಂಗಳೂರಿನ ಜಿ. ರಾಜ್‌ನಾರಾಯಣ್ ಅವರು ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಇಂದು ಕರ್ನಾಟಕ ಸಂಗೀತದ ಮನೆಯ ಮುದ್ರಣವೆಂದರೆ ಪಕ್ಕದಲ್ಲಿ ಶ್ರುತಿಪೆಟ್ಟಿಗೆಯೋ ಫೋನಿನ ತಂಬೂರಿ ಆ್ಯಪೋ ಮಿಡಿಯುತ್ತಲೇ ಇರುತ್ತದೆ. ಅದು ಹಾಡಿನ ಮೈಕಿಗೂ ನುಸುಳಿದರೆ ಆಮೇಲೆ ಒಂದು ಸಾಲನ್ನು ಕತ್ತರಿಸಿ ಜೋಡಿಸಿದ ಕಡೆಯಲ್ಲೆಲ್ಲ ತಂಬೂರಿಯ ಮೀಟು ಕುಂಟುತ್ತದೆ. ಶ್ರುತಿಯನ್ನು ಮೊದಲು ಒಂದು ಟ್ರ್ಯಾಕಿಗೆ ಮುದ್ರಿಸಿ, ಅದನ್ನು ಹೆಡ್‌ಫೋನಿನಲ್ಲಿ ಮಾತ್ರ ಕೇಳುತ್ತ ಹಾಡಿದರೆ ಈ ತಾಪತ್ರಯ ಇಲ್ಲ. ಎರಡು ದಾರಿಗಳಲ್ಲೂ ಇದು ಸಾಧ್ಯ. ಫೋನಿನಲ್ಲೇ ಹಾಡನ್ನೂ ಮುದ್ರಿಸುವವರು ಒಂದು ಎಚ್ಚರ ವಹಿಸಬೇಕು. ಮಾತಿಗೆಂದು ಮಾಡಿದ ಹಲವು ಆ್ಯಪುಗಳು ಸದ್ದು ತಗ್ಗಿದಾಗ ತಾವೇ ಮಟ್ಟ ಏರಿಸುತ್ತವೆ. ಗಾಯಕರು ಉಸಿರು ತೆಗೆದುಕೊಂಡ ಜಾಗದಲ್ಲೆಲ್ಲ ತಂಬೂರಿ ಉಬ್ಬಿ ಬರುತ್ತದೆ.

ಯಂತ್ರ ಯಾವುದೇ ಇರಲಿ, ಹಣ ಮೊದಲು ಹೋಗಬೇಕಾದದ್ದು ಮೈಕಿಗೆ ಮತ್ತು ಕೋಣೆಗೆ. ರೆಡ್ ಆಕ್ಸೈಡ್ ನೆಲ, ಬರಿ ಗೋಡೆ, ಗಾಜಿನ ಕಿಟಕಿಯ ಹಾಲಿನಲ್ಲಿ ಎಂಥ ಮೈಕೂ ಬಾವಿಯೊಳಗಿನ ದನಿಯನ್ನೇ ಕೊಡುತ್ತದೆ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದಿಟ್ಟು, ಬೆನ್ನ ಹಿಂದೆ ದಪ್ಪ ಕಂಬಳಿ ಇಳಿಬಿಟ್ಟು, ಮಂಚದ ಹಾಸಿಗೆಯ ಪಕ್ಕದಲ್ಲಿ ಹಾಡಿದರೆ ಅರ್ಧ ಗೆದ್ದಂತೆ. ಗದ್ದಲದ ಬೀದಿಯ ಮನೆಗೆ ಎಸ್‌ಎಂ57, ಎಸ್‌ಎಂ58ರಂಥ ಡೈನಾಮಿಕ್ ಮೈಕೇ ಹಿತ. 48 ವೋಲ್ಟ್ ಬೇಡುವ ಕಂಡೆನ್ಸರ್ ಮೈಕು ಸೂಕ್ಷ್ಮವೇನೋ ಹೌದು. ಕುಕ್ಕರಿನ ಸೀಟಿಯನ್ನೂ ಹಂಚಿನ ಮೇಲಿನ ಮಳೆಯನ್ನೂ ಅಷ್ಟೇ ಸೂಕ್ಷ್ಮವಾಗಿ ಹಿಡಿಯುತ್ತದೆ. ಸೀಲಿಂಗ್ ಫ್ಯಾನು ಆರಿಸಲೇಬೇಕು. ಲ್ಯಾಪ್‌ಟಾಪಿನ ಫ್ಯಾನನ್ನು ಆರಿಸಲಾಗದು, ಆದ್ದರಿಂದ ಅದನ್ನು ಮೈಕಿನ ಬೆನ್ನಿಗೆ, ಆದಷ್ಟು ದೂರಕ್ಕೆ ಇಡಬೇಕು. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಚಾರ್ಜರ್ ಸಿಕ್ಕಿಸಿದೊಡನೆ 50 ಹರ್ಟ್ಸಿನ ಗುಂಯ್ ಸದ್ದು ಸೇರಿಕೊಳ್ಳುತ್ತದೆ. ಮುದ್ರಿಸುವಷ್ಟು ಹೊತ್ತು ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿದರೆ ಅದು ಹೆಚ್ಚಾಗಿ ನಿಲ್ಲುತ್ತದೆ. ಕರೆಂಟು ಕೈಕೊಡುವ ಊರುಗಳಲ್ಲಿ, ದೇವಸ್ಥಾನದ ಜಗಲಿಯಲ್ಲಿ, ಸೋಬಾನೆ ಹೇಳುವ ಅಜ್ಜಿಯ ಮುಂದೆ ಪೆನ್‌ಸೆಲ್ಲಿನಲ್ಲಿ ನಡೆಯುವ ಜೂಮ್ ಎಚ್4ಎನ್‌ನಂಥ ಅಂಗೈ ರೆಕಾರ್ಡರಿಗೆ ಸಮನಾದದ್ದಿಲ್ಲ. ಲ್ಯಾಪ್‌ಟಾಪು ತೆರೆದಿಟ್ಟರೆ ಅಜ್ಜಿಯ ಕಣ್ಣು ಪರದೆಯ ಕಡೆ ಹೋಗುತ್ತದೆ, ಹಾಡು ತಗ್ಗುತ್ತದೆ.

ಎರಡರ ನಡುವೆ

ಈಗ ಎರಡು ದಾರಿಗಳು ಕೂಡಿಕೊಳ್ಳುತ್ತಿವೆ. 2009ರ ಹೊತ್ತಿಗೆ ಬಂದ ಜೂಮ್ ಆರ್16 ಒಮ್ಮೆಗೆ ಎಂಟು ಟ್ರ್ಯಾಕು ಮುದ್ರಿಸುವ ಸ್ವತಂತ್ರ ಯಂತ್ರ. ಯುಎಸ್‌ಬಿ ತಂತಿ ಸಿಕ್ಕಿಸಿದರೆ ಅದೇ ಕಂಪ್ಯೂಟರಿನ ಇಂಟರ್‌ಫೇಸು. 2018ರ ಟ್ಯಾಸ್ಕ್ಯಾಮ್ ಮಾಡೆಲ್ 24 ಮಿಕ್ಸರು, ರೆಕಾರ್ಡರು, ಇಂಟರ್‌ಫೇಸು ಮೂರೂ ಹೌದು. ಮುದ್ರಣವನ್ನು ಪೆಟ್ಟಿಗೆಯಲ್ಲಿ ಮಾಡಿ, ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ತಿದ್ದಿ ಬೆರೆಸುವುದು ಬಹುಪಾಲು ಮನೆಗಳಿಗೆ ಒಪ್ಪುವ ಕ್ರಮ: ಹಾಡುವಾಗ ಪರದೆಯ ಕಾಟವಿಲ್ಲ, ತಿದ್ದುವಾಗ ಪರದೆಯ ನೆರವುಂಟು. ಒಂದನ್ನು ಮಾತ್ರ ಕೊಳ್ಳಲು ಶಕ್ತಿಯಿದ್ದು ಮನೆಯಲ್ಲಿ ಆಗಲೇ ಕಂಪ್ಯೂಟರ್ ಇದ್ದರೆ ಎರಡು ಮೈಕಿನ ಇಂಟರ್‌ಫೇಸು, ಉಚಿತ ಸಾಫ್ಟ್‌ವೇರು ಸಾಕು. ನಾಲ್ಕೈದು ಜನ ಒಟ್ಟಿಗೆ ಕುಳಿತು ಹಾಡುವ ಭಜನಾ ಮಂಡಳಿಗೆ, ವಾದ್ಯತಂಡಕ್ಕೆ ಎಂಟು ಮೈಕು ಹಿಡಿಯುವ ಪೆಟ್ಟಿಗೆಯೇ ಸರಿ. ದಿನವಿಡೀ ಕಂಪ್ಯೂಟರಿನ ಮುಂದೆ ದುಡಿದು ಬಂದವರು ಸಂಜೆ ಹಾಡಲೆಂದು ಮತ್ತೆ ಅದರ ಮುಂದೆ ಕೂರಲು ಹಿಂಜರಿದರೆ, ಆ ಹಿಂಜರಿಕೆಯನ್ನೂ ಕಾರಣವೆಂದೇ ಎಣಿಸಬೇಕು. ಬಳಸದೆ ಉಳಿದ ಒಳ್ಳೆಯ ಸಾಧನಕ್ಕಿಂತ ಕೈ ಹೋಗುವ ಸಾಧಾರಣ ಸಾಧನ ಮೇಲು.

ಮುದ್ರಿಸಿದ್ದು ಉಳಿಯಬೇಕೆಂಬ ಚಿಂತೆ ಮೊದಲ ದಿನದಿಂದಲೇ ಇರಬೇಕು. ಏಡ್ಯಾಟ್ ಟೇಪುಗಳು, ಜಿಪ್ ಡಿಸ್ಕುಗಳು, ತಮ್ಮದೇ ಸಂಕೋಚನ ವಿಧಾನದಲ್ಲಿ ಬರೆದಿಟ್ಟ ಹಾರ್ಡ್ ಡಿಸ್ಕ್ ಯಂತ್ರಗಳ ಕಡತಗಳು ಅದೇ ಬಗೆಯ ಯಂತ್ರ ಸಿಗದಿದ್ದರೆ ತೆರೆಯಲು ಬರುವುದಿಲ್ಲ. ಸಾಫ್ಟ್‌ವೇರಿನ ಪ್ರಾಜೆಕ್ಟ್ ಕಡತಗಳಿಗೂ ಇದೇ ಪಾಡು; ಆ ಸಾಫ್ಟ್‌ವೇರು ನಿಂತುಹೋದರೆ ಮಿಕ್ಸಿಂಗ್ ಎಲ್ಲ ಹೋಯಿತು. ಪ್ರತಿ ಟ್ರ್ಯಾಕನ್ನೂ ಸೊನ್ನೆಯ ನಿಮಿಷದಿಂದಲೇ ಶುರುವಾಗುವ ಸಾದಾ ವೇವ್ ಕಡತವಾಗಿ ಹೊರತೆಗೆದಿಟ್ಟರೆ ಮುಂದೆ ಯಾವ ಯಂತ್ರದಲ್ಲಾದರೂ ಒಂದರ ಕೆಳಗೊಂದು ಕೂರಿಸಬಹುದು. 24 ಬಿಟ್, 48 ಕಿಲೋಹರ್ಟ್ಸಿನ ಒಂದು ಟ್ರ್ಯಾಕಿಗೆ ನಿಮಿಷಕ್ಕೆ ಸುಮಾರು 8.6 ಮೆಗಾಬೈಟ್, ಎಂಟು ಟ್ರ್ಯಾಕಿನ ಒಂದು ಗಂಟೆಯ ಕಚೇರಿಗೆ ನಾಲ್ಕು ಗಿಗಾಬೈಟಿಗಿಂತ ತುಸು ಹೆಚ್ಚು. ಎರಡು ಕಡೆ ನಕಲಿಡಲು ಇದು ಭಾರವಲ್ಲ. ಹಾಡು ಶುರುವಾಗುವ ಮುನ್ನ ತಾರೀಖು, ರಾಗ, ತಾಳ, ಹಾಡುವವರು ಯಾರು, ಶ್ರುತಿ ಬಿಳಿ ಐದೋ ಕಪ್ಪು ಮೂರೋ ಎಂಬುದನ್ನು ಮೈಕಿಗೇ ಬಾಯಿಬಿಟ್ಟು ಹೇಳಿಬಿಡುವುದು ಒಳ್ಳೆಯದು. ಕಡತಕ್ಕೆ ಯಾರು ಏನು ಹೆಸರಿಟ್ಟರೂ ಆ ಹತ್ತು ಸೆಕೆಂಡಿನ ದನಿ ಅದರೊಳಗೇ ಇರುತ್ತದೆ.